ಫೋನಿನಲ್ಲಿ ಸಿ.ಟಿ. ನೋಡುವುದು: ಕೊಡಗಿನ ಸಣ್ಣ ಆಸ್ಪತ್ರೆಗಳಿಗೆ ಕೈಪಿಡಿ

ಕರಿಮೆಣಸು ಕೊಯ್ಯಲು ಸಿಲ್ವರ್ ಮರ ಹತ್ತಿದವರು ಏಣಿ ಜಾರಿ ಬೀಳುತ್ತಾರೆ. ಮಳೆಗಾಲಕ್ಕೆ ಮುಂಚೆ ಮರಕಪಾತು (ನೆರಳಿನ ಮರಗಳ ಕೊಂಬೆ ಕಡಿಯುವ ಕೆಲಸ) ಮಾಡುವಾಗ ಕೊಂಬೆ ತಲೆಗೆ ಬಡಿಯುತ್ತದೆ. ರಾತ್ರಿ ಬೈಕಿಗೆ ಕಾಡುಹಂದಿ ಅಡ್ಡ ಬರುತ್ತದೆ. ಕೊಡಗಿನಲ್ಲಿ ತಲೆಯ ಸಿ.ಟಿ. ಬೇಕಾಗುವ ಕೇಸುಗಳು ಬಹಳಷ್ಟು ಹೀಗೇ ಬರುವಂಥವು. ಸ್ಕ್ಯಾನ್ ಮಾಡಲು ಹತ್ತು ನಿಮಿಷ ಸಾಕು, ಆದರೆ ರಾತ್ರಿ ಹೊತ್ತಿನಲ್ಲಿ ಅದನ್ನು ನೋಡಿ ಹೇಳುವವರು ಮೈಸೂರಿನಲ್ಲೋ ಮಂಗಳೂರಿನಲ್ಲೋ ಇರುತ್ತಾರೆ. ಮಡಿಕೇರಿಯಿಂದ ಮೈಸೂರು ಸುಮಾರು 120 ಕಿ.ಮೀ., ಮಂಗಳೂರು ಸುಮಾರು 140. ಸಂಪಾಜೆ ಘಾಟಿ ಸರಿಯಿದ್ದರೂ ಎರಡೂವರೆ ಮೂರು ತಾಸಿನ ದಾರಿ. ರೋಗಿಯನ್ನು ಈಗಲೇ ಆಂಬುಲೆನ್ಸ್ ಹತ್ತಿಸಬೇಕೋ, ಇಲ್ಲೇ ಇಟ್ಟು ನೋಡಬೇಕೋ ಎಂಬ ಒಂದು ಪ್ರಶ್ನೆಗೆ ಉತ್ತರ ಬೇಕು.

ಆ ಒಂದು ಪ್ರಶ್ನೆಗೆ ಫೋನು ಸಾಕು. ಪೂರ್ತಿ ವರದಿ ಬರೆಯಲು ಸಾಲದು. ಅಮೆರಿಕದ ಔಷಧ ಮತ್ತು ವೈದ್ಯಕೀಯ ಸಾಧನಗಳ ನಿಯಂತ್ರಣ ಸಂಸ್ಥೆ ಎಫ್‌ಡಿಎ 2011ರ ಫೆಬ್ರುವರಿಯಲ್ಲಿ ಐಫೋನ್, ಐಪ್ಯಾಡ್‌ಗಳಲ್ಲಿ ಸ್ಕ್ಯಾನ್ ನೋಡಿ ರೋಗ ನಿರ್ಣಯಿಸುವ ಮೊದಲ ಆ್ಯಪ್ ಆದ ಮೊಬೈಲ್ ಎಂಐಎಂಗೆ ಒಪ್ಪಿಗೆ ಕೊಟ್ಟಾಗಲೂ ಷರತ್ತು ಇದೇ ಇತ್ತು: ವರ್ಕ್‌ಸ್ಟೇಷನ್ (ಸ್ಕ್ಯಾನ್ ಓದಲೆಂದೇ ಇರುವ ಕಂಪ್ಯೂಟರ್) ಸಿಗದ ಹೊತ್ತಿಗೆ ಮಾತ್ರ. ಅಂದಿನಿಂದ ಫೋನಿನ ಪರದೆಗಳು ಎಷ್ಟೋ ಸುಧಾರಿಸಿವೆ. ಈಗ ಎಡವಟ್ಟಾಗುವುದು ಹೆಚ್ಚಾಗಿ ಕಳಿಸುವ ಕಡೆ. ಆದ್ದರಿಂದ ಈ ಬರಹದಲ್ಲಿ ಟೆಕ್ನಿಷಿಯನ್ ಮತ್ತು ಡ್ಯೂಟಿ ಡಾಕ್ಟರ್ ಮಾಡಬೇಕಾದ ಕೆಲಸಕ್ಕೇ ಹೆಚ್ಚು ಜಾಗ.

ವಾಟ್ಸಾಪ್ ಫೋಟೋ ಏಕೆ ಸಾಲದು

ಎಲ್ಲರೂ ಮಾಡುವುದು ಇದನ್ನೇ: ಕನ್ಸೋಲ್ (ಸಿ.ಟಿ. ಯಂತ್ರವನ್ನು ನಡೆಸುವ ಕಂಪ್ಯೂಟರ್) ಪರದೆಯ ಮೇಲಿನ ಚಿತ್ರವನ್ನು ಫೋನಿನಲ್ಲಿ ಕ್ಲಿಕ್ಕಿಸಿ ವಾಟ್ಸಾಪ್ ಮಾಡುವುದು. ಇದರಲ್ಲಿ ಕಳೆದುಹೋಗುವುದು ಏನೆಂದು ಒಮ್ಮೆ ಬಿಡಿಸಿ ನೋಡಿದರೆ ಉಳಿದದ್ದೆಲ್ಲ ತಾನಾಗಿ ಅರ್ಥವಾಗುತ್ತದೆ.

ಸಿ.ಟಿ. ಯಂತ್ರ ಪ್ರತಿ ಚುಕ್ಕೆಗೂ ಒಂದು ಅಂಕಿ ಕೊಡುತ್ತದೆ. ಹೌನ್ಸ್‌ಫೀಲ್ಡ್ ಅಳತೆಯಲ್ಲಿ ಗಾಳಿ −1000, ನೀರು 0, ಮೆದುಳು 25ರಿಂದ 40, ಹೊಸದಾಗಿ ಹೆಪ್ಪುಗಟ್ಟಿದ ರಕ್ತ 60ರಿಂದ 80, ಗಟ್ಟಿ ಎಲುಬು ಸಾವಿರದ ಆಸುಪಾಸು. ಒಟ್ಟು 4096 ಮಟ್ಟ. ಫೋಟೋದಲ್ಲಿ ಇರುವುದು 256 ಮಟ್ಟದ ಬೂದು ಬಣ್ಣ. ಅಷ್ಟರಲ್ಲಿ ಎಲ್ಲವನ್ನೂ ತೋರಿಸಲಾಗದೆ ಯಂತ್ರ ಒಂದು ತುಂಡನ್ನಷ್ಟೇ ಪರದೆಗೆ ಹರಡುತ್ತದೆ. ಆ ತುಂಡೇ ವಿಂಡೋ. ಮೆದುಳಿನ ವಿಂಡೋ ಅಗಲ 80, ನಡು 40. ಅಂದರೆ 0ರಿಂದ 80ರವರೆಗಿನದು ಮಾತ್ರ ಬೂದಿನ ಛಾಯೆಯಲ್ಲಿ ಕಾಣುತ್ತದೆ. 80 ದಾಟಿದ್ದೆಲ್ಲ ಒಂದೇ ಬಿಳಿ.

ಈಗ ತಲೆಬುರುಡೆಯ ಒಳಮೈಗೆ ಅಂಟಿಕೊಂಡು ಮೂರು ನಾಲ್ಕು ಮಿ.ಮೀ. ದಪ್ಪದ ರಕ್ತದ ಪಟ್ಟಿ ಇದೆ ಅನ್ನಿ. ಅದರ ಅಂಕಿ 70. ಮೆದುಳಿನ ವಿಂಡೋದಲ್ಲಿ ಅದು ಹೆಚ್ಚುಕಡಿಮೆ ಬಿಳಿ, ಪಕ್ಕದ ಎಲುಬು ಪೂರಾ ಬಿಳಿ. ಎರಡೂ ಬೆರೆತು ಎಲುಬೇ ತುಸು ದಪ್ಪಗಿದೆ ಅನ್ನಿಸುತ್ತದೆ. ವಿಂಡೋ ಅಗಲವನ್ನು 200ಕ್ಕೆ, ನಡುವನ್ನು 75ಕ್ಕೆ ಏರಿಸಿ: ರಕ್ತ ನಡುಬೂದಿಗೆ ಇಳಿಯುತ್ತದೆ, ಮೆದುಳು ಇನ್ನೂ ಕಪ್ಪಾಗುತ್ತದೆ, ಎಲುಬು ಬಿಳಿಯಾಗಿಯೇ ನಿಲ್ಲುತ್ತದೆ. ಪಟ್ಟಿ ಬೇರೆಯಾಗಿ ಕಣ್ಣಿಗೆ ಬೀಳುತ್ತದೆ. ಫೋಟೋ ಬಂದಿದ್ದರೆ ಈ ಕೆಲಸ ಸಾಧ್ಯವಿಲ್ಲ. ಬ್ರೈಟ್‌ನೆಸ್ ಎಷ್ಟು ತಿರುಗಿಸಿದರೂ ಬಿಳಿಯಲ್ಲಿ ಬೆರೆತ ಅಂಕಿ ವಾಪಸ್ಸು ಬರುವುದಿಲ್ಲ. ಅದರ ಮೇಲೆ ವಾಟ್ಸಾಪ್ ಚಿತ್ರವನ್ನು ಕುಗ್ಗಿಸುತ್ತದೆ, ಪರದೆಯ ಗೆರೆಗಳೂ ಕ್ಯಾಮೆರಾದ ಗೆರೆಗಳೂ ಸೇರಿ ಅಲೆಅಲೆಯ ವಿನ್ಯಾಸ ಬೇರೆ ಮೂಡುತ್ತದೆ.

ಹಾಗಾಗಿ ಕಳಿಸಬೇಕಾದದ್ದು ಮೂಲ ಡೈಕಾಮ್ ಕಡತಗಳನ್ನು, ಅಂದರೆ ಯಂತ್ರವೇ ಎಲ್ಲ ಅಂಕಿಗಳೊಂದಿಗೆ ಉಳಿಸುವ ಚಿತ್ರಗಳನ್ನು. ಬೇರೆ ಏನೂ ವ್ಯವಸ್ಥೆ ಇಲ್ಲದ ಕಡೆ ಇಡೀ ಫೋಲ್ಡರನ್ನು ಜಿಪ್ ಮಾಡಿ, ವಾಟ್ಸಾಪಿನಲ್ಲಿ ಫೋಟೋ ಅಂತಲ್ಲದೆ ಡಾಕ್ಯುಮೆಂಟ್ ಅಂತ ಲಗತ್ತಿಸಿದರೆ ಕಡತ ಕುಗ್ಗದೆ ಹೋಗುತ್ತದೆ. ಡೈಕಾಮ್ ಕಡತಗಳಿಗೆ ಅನೇಕ ಸಲ ಹೆಸರಿನ ಬಾಲ ಇರುವುದಿಲ್ಲ. "ಐಎಂ000001" ಅಂತಷ್ಟೇ ಇರುತ್ತದೆ, ಫೋನು ತೆರೆಯಲಾಗದು ಅನ್ನುತ್ತದೆ. ಗಾಬರಿ ಬೇಡ, ಡೈಕಾಮ್ ವ್ಯೂವರ್ ಆ್ಯಪಿನೊಳಗಿಂದಲೇ ಜಿಪ್ಪನ್ನು ತೆರೆಯಬೇಕು. ರೋಗಿ ಬೇರೆ ಊರಿನ ಸಿ.ಡಿ. ತಂದಿದ್ದರೂ ಹೀಗೇ: "ಡೈಕಾಮ್‌ಡಿಐಆರ್" ಕಡತವನ್ನೂ ಸೇರಿಸಿ ಎಲ್ಲವನ್ನೂ ನಕಲು ಮಾಡಿ. ಸಿ.ಡಿ.ಯಲ್ಲಿ ತಾನೇ ಓಡುವ ಪ್ರೋಗ್ರಾಂ ಇದ್ದರೆ ಅದನ್ನು ಆಸ್ಪತ್ರೆಯ ಕಂಪ್ಯೂಟರಿನಲ್ಲಿ ಓಡಿಸಬೇಡಿ.

ಎಷ್ಟು ಹೊತ್ತು ಹಿಡಿಯುತ್ತದೆ

ಸಿ.ಟಿ.ಯ ಒಂದು ಚಿತ್ರ 512 ಅಡ್ಡ, 512 ಉದ್ದ, ಚುಕ್ಕೆಗೆ ಎರಡು ಬೈಟ್: ಅರ್ಧ ಎಂಬಿ. 5 ಮಿ.ಮೀ. ಅಂತರದ ತಲೆಯ ಸ್ಕ್ಯಾನಿನಲ್ಲಿ ಸುಮಾರು 30 ಚಿತ್ರ, ಅಂದರೆ 15 ಎಂಬಿ. ಅದನ್ನೇ 0.625 ಮಿ.ಮೀ. ತೆಳುವಾಗಿ ತೆಗೆದರೆ 240 ಚಿತ್ರ, 120 ಎಂಬಿ. ಎದೆಯಿಂದ ಕಿಬ್ಬೊಟ್ಟೆಯವರೆಗೆ 1 ಮಿ.ಮೀ.ನಲ್ಲಾದರೆ 350 ಎಂಬಿ ಹತ್ತಿರ.

ನೆಟ್‌ವರ್ಕ್ ವೇಗ ಹೇಳುವುದು ಮೆಗಾಬಿಟ್‌ನಲ್ಲಿ, ಕಡತದ ಗಾತ್ರ ಮೆಗಾಬೈಟ್‌ನಲ್ಲಿ. ನಡುವೆ 8ರ ಭಾಗಾಕಾರ ಇದೆ. ನೋಡಬೇಕಾದದ್ದು ಅಪ್‌ಲೋಡ್ ವೇಗ, ಡೌನ್‌ಲೋಡ್ ಅಲ್ಲ. ಅಪ್‌ಲೋಡ್ 2 ಮೆಗಾಬಿಟ್ ಸಿಕ್ಕರೆ 15 ಎಂಬಿ ಒಂದು ನಿಮಿಷದಲ್ಲಿ ಹೋಗುತ್ತದೆ, 120 ಎಂಬಿಗೆ 8 ನಿಮಿಷ, 350ಕ್ಕೆ 23 ನಿಮಿಷ. ಗುಣಮಟ್ಟ ಕಳೆಯದ ಜೆಪಿಇಜಿ 2000 ಸಂಕೋಚನ ಹಾಕಿದರೆ ಇದು ಅರ್ಧಕ್ಕೆ ಇಳಿಯುತ್ತದೆ. ಗುಣಮಟ್ಟ ಕಳೆಯುವ ಸಂಕೋಚನವನ್ನು ತುರ್ತು ಕೇಸಿನಲ್ಲಿ ಮುಟ್ಟಬೇಡಿ.

ಇದರಿಂದ ಹೊರಡುವ ಮುಖ್ಯ ನಿಯಮ: 5 ಮಿ.ಮೀ. ಸರಣಿ ಮೊದಲು ಹೋಗಲಿ. ಆಮೇಲೆ ಎಲುಬಿನ ಸರಣಿ, ತೆಳು ಚಿತ್ರಗಳು ಕೊನೆಗೆ. ಎಲ್ಲ ಒಟ್ಟಿಗೆ ತಳ್ಳಿದರೆ ಅರ್ಧಂಬರ್ಧ ಸರಣಿಗಳು ತಲುಪಿ, ಆ ಕಡೆಯವರು 18 ಚಿತ್ರ ನೋಡಿ "ಏನೂ ಇಲ್ಲ" ಅನ್ನುವ ಅಪಾಯ ಇದೆ. ರಕ್ತ ಇದ್ದದ್ದು 24ನೆಯದರಲ್ಲಿ.

ಕಳಿಸುವ ಕಡೆಯ ಏರ್ಪಾಡು

ದುಡ್ಡು ಕೊಟ್ಟು ಕೊಳ್ಳುವ ಕ್ಲೌಡ್ ಸೇವೆ ಇದ್ದರೆ ಈ ಭಾಗ ಅವರ ಜವಾಬ್ದಾರಿ. ಇಲ್ಲದ ಕಡೆ, ಡೈಕಾಮ್ ಚಿತ್ರಗಳನ್ನು ಕೂಡಿಡುವ, ಉಚಿತವಾಗಿ ಸಿಗುವ ಆರ್ಥಾಂಕ್ ಸರ್ವರ್ ಸಾಫ್ಟ್‌ವೇರನ್ನು ಒಂದು ಸಾಧಾರಣ ಕಂಪ್ಯೂಟರಿಗೆ ಹಾಕಬಹುದು. 8 ಜಿಬಿ ರ‍್ಯಾಮ್, 1 ಟಿಬಿ ಡಿಸ್ಕ್ ಸಾಕು: ದಿನಕ್ಕೆ 20 ಸ್ಕ್ಯಾನ್, ಒಂದೊಂದು 150 ಎಂಬಿ ಅಂತಿಟ್ಟರೆ ದಿನಕ್ಕೆ 3 ಜಿಬಿ, ಹತ್ತಿರ ಹತ್ತಿರ ಹನ್ನೊಂದು ತಿಂಗಳಿನದು ಹಿಡಿಸುತ್ತದೆ.

ಸಿ.ಟಿ. ಯಂತ್ರಕ್ಕೆ ಮೂರು ವಿಷಯ ಹೇಳಿಕೊಡಬೇಕು: ಸರ್ವರಿನ ಐಪಿ ವಿಳಾಸ, ಪೋರ್ಟ್ ಸಂಖ್ಯೆ, ಎಇ ಟೈಟಲ್ (ಡೈಕಾಮ್ ಸಂಪರ್ಕದಲ್ಲಿ ಸರ್ವರಿನ ಹೆಸರು). ಆರ್ಥಾಂಕಿನಲ್ಲಿ ತಾನಾಗಿ ಬರುವ ಡೈಕಾಮ್ ಪೋರ್ಟ್ 4242. ಎಇ ಟೈಟಲ್ 16 ಅಕ್ಷರ ಮೀರುವಂತಿಲ್ಲ. ಎರಡೂ ಕಡೆ ಅಕ್ಷರಕ್ಕೆ ಅಕ್ಷರ ಒಂದೇ ಇರಬೇಕು. ಆಮೇಲೆ ಕನ್ಸೋಲಿನಿಂದ ಎಕೋ ಪರೀಕ್ಷೆ (ಸಂಪರ್ಕ ಸಿಗುತ್ತದೆಯೇ ಎಂದು ನೋಡುವುದು) ಮಾಡಿ. ಎಕೋ ಸೋತರೆ ಮೊದಲು ಕೇಬಲ್, ಆಮೇಲೆ ವಿಂಡೋಸ್ ಫೈರ್‌ವಾಲ್ ನೋಡಿ. ನಿನ್ನೆಯವರೆಗೆ ಸರಿಯಿದ್ದು ಇಂದು ಸೋತಿದ್ದರೆ, ಕರೆಂಟ್ ಹೋಗಿ ಬಂದಾಗ ರೌಟರ್ ಸರ್ವರಿಗೆ ಬೇರೆ ಐಪಿ ಕೊಟ್ಟಿರುತ್ತದೆ. ಸರ್ವರಿಗೆ ಸ್ಥಿರ ಐಪಿ ಹಾಕಿದರೆ ಈ ತಲೆನೋವು ಮುಗಿಯುತ್ತದೆ. ಎಕೋ ಗೆದ್ದು ಚಿತ್ರ ಮಾತ್ರ ಹೋಗದಿದ್ದರೆ ಡಿಸ್ಕ್ ತುಂಬಿದೆಯೇ ನೋಡಿ.

ಸಿ.ಟಿ. ಕೋಣೆಯ ಗೋಡೆಯಲ್ಲಿ ಸೀಸದ ಹಾಳೆ ಇರುವುದರಿಂದ ವೈಫೈ ಅಲ್ಲಿಗೆ ನುಗ್ಗುವುದಿಲ್ಲ. ಕನ್ಸೋಲಿನಿಂದ ಸರ್ವರಿಗೆ ಲ್ಯಾನ್ ಕೇಬಲ್ ಎಳೆಯುವುದೇ ಸರಿ. ಹಳೆಯ ದಪ್ಪ ಗೋಡೆಯ ಕಟ್ಟಡಗಳಲ್ಲಿ ಡಾಕ್ಟರ ಫೋನಿಗೆ 5 ಗಿಗಾಹರ್ಟ್ಸ್ ವೈಫೈ ಸಿಗದಿದ್ದರೆ 2.4ಕ್ಕೆ ಬದಲಿಸಿ; ವೇಗ ಕಡಿಮೆಯಾದರೂ ಗೋಡೆ ದಾಟುತ್ತದೆ. ಎಂ.ಆರ್.ಐ. ಇರುವ ಕಡೆ ಆಯಸ್ಕಾಂತದ ಕೋಣೆಯೊಳಗೆ ಫೋನು ಹೋಗಲೇಬಾರದು.

ಹೊರಗಿನಿಂದ ನೋಡುವ ದಾರಿ ವಿಪಿಎನ್ (ಇಂಟರ್‌ನೆಟ್ಟಿನೊಳಗೆ ಬೀಗ ಹಾಕಿದ ಖಾಸಗಿ ದಾರಿ) ಒಂದೇ. ಆರ್ಥಾಂಕಿನ ವೆಬ್ ಪೋರ್ಟ್ 8042ನ್ನು ನೇರ ಇಂಟರ್‌ನೆಟ್ಟಿಗೆ ತೆರೆದಿಟ್ಟರೆ ಊರವರ ತಲೆಬುರುಡೆಯೆಲ್ಲ ಲೋಕಕ್ಕೆ ತೆರೆದಿಟ್ಟ ಹಾಗೆ. ವಿಪಿಎನ್‌ಗಳಲ್ಲಿ ವೈರ್‌ಗಾರ್ಡ್ ಹಗುರ, ಫೋನಿನ ಬ್ಯಾಟರಿಯನ್ನೂ ಅಷ್ಟಾಗಿ ತಿನ್ನುವುದಿಲ್ಲ. ಒಂದು ತೊಡಕು: ಮೊಬೈಲ್ ಡೇಟಾ ಮತ್ತು ಅನೇಕ ಫೈಬರ್ ಸಂಪರ್ಕಗಳಲ್ಲಿ ಕಂಪನಿಯವರು ನೂರಾರು ಗಿರಾಕಿಗಳನ್ನು ಒಂದೇ ಸಾರ್ವಜನಿಕ ಐಪಿಯ ಹಿಂದೆ ಕೂರಿಸಿರುತ್ತಾರೆ. ಹೊರಗಿನಿಂದ ನೇರ ಬಾಗಿಲು ಸಿಗುವುದಿಲ್ಲ. ಆಗ ಬಾಡಿಗೆಯ ಸಣ್ಣ ಸರ್ವರ್ ಒಂದನ್ನು ನಡುವೆ ಇಟ್ಟು, ಆಸ್ಪತ್ರೆಯ ಕಡೆಯಿಂದಲೇ ಅದಕ್ಕೆ ಸಂಪರ್ಕ ಹಿಡಿದಿಡಬೇಕು. ವೈರ್‌ಗಾರ್ಡಿನಲ್ಲಿ ಕೀಪ್‌ಅಲೈವ್ 25 ಸೆಕೆಂಡ್ ಅಂತ ಹಾಕದಿದ್ದರೆ ಸ್ವಲ್ಪ ಹೊತ್ತಿನ ಮೌನಕ್ಕೇ ಆ ದಾರಿ ಮುಚ್ಚಿಹೋಗುತ್ತದೆ. "ಸಂಜೆ ಬರುತ್ತಿತ್ತು, ರಾತ್ರಿ ಬರುತ್ತಿಲ್ಲ" ಅನ್ನುವ ದೂರಿಗೆ ಇದು ಸಾಮಾನ್ಯ ಕಾರಣ. ಫೋನಿನ ಬ್ರೌಸರಿನಲ್ಲಿ ನೋಡಲು ಓಎಚ್‌ಐಎಫ್ ವ್ಯೂವರನ್ನು ಆರ್ಥಾಂಕಿಗೆ ಜೋಡಿಸಬಹುದು. ಇದು ರೋಗನಿರ್ಣಯಕ್ಕೆ ಪ್ರಮಾಣೀಕೃತ ಸಾಧನವಲ್ಲ ಎಂಬುದು ಗಮನದಲ್ಲಿರಲಿ. ನಮ್ಮಲ್ಲೂ 2020ರ ಏಪ್ರಿಲ್‌ನಿಂದ ರೋಗನಿರ್ಣಯದ ಸಾಫ್ಟ್‌ವೇರ್ ವೈದ್ಯಕೀಯ ಸಾಧನಗಳ ನಿಯಮಗಳ ವ್ಯಾಪ್ತಿಗೇ ಬರುತ್ತದೆ.

ಫಿಲ್ಮ್ ಮಾತ್ರ ಇದ್ದರೆ

ಎಕ್ಸ್‌ರೇ ಫಿಲ್ಮ್ ಒಂದೇ ಇರುವ ಕಡೆ ಫೋಟೋ ತೆಗೆಯದೆ ಗತಿಯಿಲ್ಲ. ಲೈಟ್‌ಬಾಕ್ಸಿಗೆ ಸಿಕ್ಕಿಸಿ, ಕೋಣೆಯ ದೀಪ ಆರಿಸಿ, ಫ್ಲ್ಯಾಶ್ ಬಂದ್ ಮಾಡಿ. ಫಿಲ್ಮಿನ ಸುತ್ತ ಉಳಿಯುವ ಬಿಳಿ ಬೆಳಕನ್ನು ಕಪ್ಪು ಕಾಗದದಿಂದ ಮುಚ್ಚಿ. ಇಲ್ಲವಾದರೆ ಕ್ಯಾಮೆರಾ ಆ ಬೆಳಕಿಗೇ ಹೊಂದಿಕೊಂಡು ಫಿಲ್ಮನ್ನು ಕಪ್ಪಾಗಿಸುತ್ತದೆ. ಫೋನನ್ನು ಫಿಲ್ಮಿಗೆ ಸಮಾನಾಂತರವಾಗಿ ಹಿಡಿದು, ಒಂದು ಹೆಜ್ಜೆ ಹಿಂದೆ ಸರಿದು ಎರಡು ಪಟ್ಟು ಜೂಮ್ ಮಾಡಿದರೆ ಅಂಚು ಡೊಂಕಾಗುವುದಿಲ್ಲ. ಮೊದಲು ಪೂರ್ತಿ ಫಿಲ್ಮ್, ಆಮೇಲೆ ನಾಲ್ಕು ಭಾಗವಾಗಿ. ಎಡ–ಬಲದ ಗುರುತು ಫೋಟೋದಲ್ಲಿ ಬಂದಿರಬೇಕು, ಅಕ್ಷರ ನೇರ ಓದುವಂತಿರಬೇಕು. ತಿರುಗುಮುರುಗಾಗಿದ್ದರೆ ಫಿಲ್ಮನ್ನೇ ಉಲ್ಟಾ ಸಿಕ್ಕಿಸಿದ್ದೀರಿ. ಸಿ.ಟಿ. ಹಾಳೆಯಾದರೆ ಸಾಲು ಸಾಲಾಗಿ ತೆಗೆದು, ಕ್ರಮ ತಪ್ಪದಂತೆ ಕಳಿಸಿ.

ನೋಡುವವರ ಫೋನು

ಕತ್ತಲ ಕೋಣೆಯಲ್ಲಿ ಆಟೋ ಬ್ರೈಟ್‌ನೆಸ್ ಪರದೆಯನ್ನು ನೂರು ಕ್ಯಾಂಡೆಲಾಕ್ಕೂ ಕೆಳಗಿಳಿಸಬಹುದು. ರೋಗನಿರ್ಣಯದ ಮಾನಿಟರಿಗೆ ಅಮೆರಿಕದ ರೇಡಿಯಾಲಜಿ ಸಂಘಟನೆಗಳು ಹೇಳುವ ಕನಿಷ್ಠ ಪ್ರಕಾಶ ಚದರ ಮೀಟರಿಗೆ 350 ಕ್ಯಾಂಡೆಲಾ. ಆದ್ದರಿಂದ ಆಟೋ ಬ್ರೈಟ್‌ನೆಸ್ ತೆಗೆದು ಪೂರ್ತಿ ಏರಿಸಿ. ಕಣ್ಣಿಗೆ ತಂಪೆಂದು ಹಾಕಿದ ಹಳದಿ ಫಿಲ್ಟರ್, ರಾತ್ರಿ ಮೋಡ್, ಬ್ಯಾಟರಿ ಸೇವರ್ ಮೂರನ್ನೂ ತೆಗೆಯಿರಿ. ಬಣ್ಣದ ಆಯ್ಕೆಯಲ್ಲಿ ಢಾಳಾದದ್ದನ್ನು ಬಿಟ್ಟು ಸಹಜ ಅಂತಿರುವುದನ್ನು ಇಡಿ. ಮಂಜು ಮಂಜಾದ ಸ್ಕ್ರೀನ್‌ಗಾರ್ಡ್ ಬೇಡ. ಬೆರಳಚ್ಚಿನ ಜಿಡ್ಡನ್ನು 70 ಶೇಕಡಾ ಐಸೊಪ್ರೊಪೈಲ್ ಆಲ್ಕೊಹಾಲ್ ಒರೆಬಟ್ಟೆಯಿಂದ ಒರೆಸಿ. ಸ್ಪ್ರೇಯನ್ನು ನೇರ ಫೋನಿಗೆ ಹೊಡೆಯಬೇಡಿ. ಬಿಸಿಲಿನಲ್ಲಿ, ಟ್ಯೂಬ್‌ಲೈಟಿನ ಕೆಳಗೆ ನಿಂತು ನೋಡಬೇಡಿ.

ಪರದೆ ಸರಿಯಿದೆಯೇ ಎಂದು ತಿಳಿಯಲು ಎಸ್‌ಎಂಪಿಟಿಇ ಪರೀಕ್ಷಾ ಚಿತ್ರವನ್ನು ಒಂದು ಸುಳ್ಳು ರೋಗಿಯ ಹೆಸರಿನಲ್ಲಿ ಸರ್ವರಿನಲ್ಲೇ ಇಟ್ಟುಬಿಡಿ. ಅದರಲ್ಲಿ ಪೂರಾ ಕಪ್ಪಿನೊಳಗೆ 5 ಶೇಕಡಾ ಚೌಕ, ಪೂರಾ ಬಿಳಿಯೊಳಗೆ 95 ಶೇಕಡಾ ಚೌಕ ಇರುತ್ತದೆ. ಎರಡೂ ಕಂಡರೆ ಮುಂದುವರಿಯಿರಿ. ಒಂದು ಕಾಣದಿದ್ದರೂ ಬ್ರೈಟ್‌ನೆಸ್ಸನ್ನೋ ಕೋಣೆಯನ್ನೋ ಬದಲಿಸಿ. ಹತ್ತು ಸೆಕೆಂಡಿನ ಕೆಲಸ, ಆದರೂ ಬಹುತೇಕರು ಮಾಡುವುದಿಲ್ಲ.

ನೋಡುವಾಗ ಮೊದಲು ರೋಗಿಯ ಸಂಖ್ಯೆ, ದಿನಾಂಕ, ಸಮಯ. ಆಮೇಲೆ ಚಿತ್ರಗಳ ಎಣಿಕೆ. ಕಳಿಸಿದವರು 32 ಅಂದಿದ್ದರೆ 32 ಬಂದಿರಬೇಕು. ಮೆದುಳಿನ ವಿಂಡೋದಲ್ಲಿ ಬುಡದಿಂದ ನೆತ್ತಿಯವರೆಗೆ ಒಮ್ಮೆ, 200/75ರಲ್ಲಿ (ಮೊದಲು ವಿಂಡೋದ ಅಗಲ, ಆಮೇಲೆ ನಡು) ಬುರುಡೆಯ ಅಂಚು ಹಿಡಿದು ಇನ್ನೊಮ್ಮೆ, ಎಲುಬಿಗೆ 2000/500ರಲ್ಲಿ ಮತ್ತೊಮ್ಮೆ. ಪಾರ್ಶ್ವವಾಯು ಸಂಶಯವಿದ್ದರೆ 40/40. ಅಲ್ಲಿ ನಾಲ್ಕೂವರೆ ತಾಸಿನೊಳಗೆ ಹೆಪ್ಪು ಕರಗಿಸುವ ಮದ್ದಿನ ಮಾತು ಬರುವುದರಿಂದ ಮೊದಲ ಪ್ರಶ್ನೆ ರಕ್ತಸ್ರಾವ ಇಲ್ಲ ತಾನೆ ಎಂಬುದು. ಶ್ವಾಸಕೋಶಕ್ಕೆ 1500/−600, ಹೊಟ್ಟೆಗೆ 400/40. ಆ್ಯಪಿನಲ್ಲಿ ಈ ಜೋಡಿಗಳನ್ನು ಮೊದಲೇ ಉಳಿಸಿಡಿ. ಬೆರಳಲ್ಲಿ ಎಳೆದು ಹೊಂದಿಸಲು ಹೋದರೆ ಸಣ್ಣ ಪರದೆಯಲ್ಲಿ ಎಲ್ಲಿಗೋ ಜಾರುತ್ತದೆ.

ಸಿ.ಟಿ. ಚಿತ್ರ ಫೋನಿನಲ್ಲಿ ಪೂರ್ತಿ ಹಿಡಿಸುತ್ತದೆ, 512 ಚುಕ್ಕೆಗೆ 1080 ಚುಕ್ಕೆಯ ಪರದೆ ಧಾರಾಳ. ಎದೆಯ ಎಕ್ಸ್‌ರೇ ಹಾಗಲ್ಲ. ಅದು 2000 ಅಡ್ಡ, 2500 ಉದ್ದದ ಆಸುಪಾಸಿನದು. ಪೂರ್ತಿ ಕಾಣುವಂತೆ ಇಟ್ಟರೆ ನಾಲ್ಕು ಚುಕ್ಕೆ ಸೇರಿ ಒಂದಾಗುತ್ತವೆ. ಶ್ವಾಸಕೋಶದ ತುದಿಯಲ್ಲಿ ಗಾಳಿ ಸೇರಿದಾಗ ಕಾಣುವ ಕೂದಲಿನಷ್ಟು ತೆಳು ಗೆರೆ ಮಾಯವಾಗುವುದು ಹೀಗೆ. ಎರಡೂ ತುದಿಗಳನ್ನು, ಪಕ್ಕೆಲುಬುಗಳನ್ನು ಜೂಮ್ ಮಾಡಿ ಸರಿಸಿ ಸರಿಸಿ ನೋಡಬೇಕು. ಆಗಲೂ "ಇದೆ" ಅನ್ನುವುದನ್ನು ನಂಬಬಹುದು, "ಇಲ್ಲ" ಅನ್ನುವುದನ್ನು ಪೂರ್ತಿ ನಂಬುವಂತಿಲ್ಲ. ಹತ್ತು ಇಂಚಿನ ಟ್ಯಾಬ್ ಇದ್ದರೆ ಎಕ್ಸ್‌ರೇಗೆ ಅದನ್ನೇ ತೆಗೆದುಕೊಳ್ಳಿ. ಮ್ಯಾಮೊಗ್ರಾಂ ಮಾತ್ರ ಫೋನಿನಲ್ಲೂ ಬೇಡ, ಟ್ಯಾಬಿನಲ್ಲೂ ಬೇಡ.

ಜೊತೆಗೆ ಹೋಗಬೇಕಾದ ಮಾತು

ಬರೀ ಚಿತ್ರ ಕಳಿಸಿ "ಸಾರ್, ಪ್ಲೀಸ್ ನೋಡಿ" ಅಂದರೆ ನೋಡುವವರಿಗೆ ಏನು ಹುಡುಕಬೇಕೆಂದೇ ತಿಳಿಯುವುದಿಲ್ಲ. ಹೀಗೆ ಬರೆಯಿರಿ (ಜಿಸಿಎಸ್ ಅಂದರೆ ಕಣ್ಣು, ಮಾತು, ಚಲನೆ ನೋಡಿ ಕೊಡುವ ಪ್ರಜ್ಞೆಯ ಅಂಕ):

"ಗಂಡು, 46. ಸಂಜೆ 5:30ಕ್ಕೆ ಮರದಿಂದ ಸುಮಾರು 15 ಅಡಿ ಬಿದ್ದದ್ದು. ಜಿಸಿಎಸ್ 13 (ಇ3 ವಿ4 ಎಂ6). ಪಾಪೆ ಎರಡೂ ಸಮ, ಬೆಳಕಿಗೆ ಕುಗ್ಗುತ್ತವೆ. ಒಮ್ಮೆ ವಾಂತಿ. ಬಿಪಿ 150/90. ರಕ್ತ ತೆಳುವಾಗಿಸುವ ಮಾತ್ರೆ ಇಲ್ಲ. ಸಿ.ಟಿ. 7:10ಕ್ಕೆ, 32 ಚಿತ್ರ. ಪ್ರಶ್ನೆ: ಈ ರಾತ್ರಿಯೇ ಕಳಿಸಬೇಕೆ?"

ಉತ್ತರ ಫೋನಿನ ಮಾತಿನಲ್ಲಿ ಬಂದರೂ ಎರಡು ಸಾಲು ಬರಹದಲ್ಲಿ ತರಿಸಿಕೊಳ್ಳಿ: ಎಷ್ಟು ಗಂಟೆಗೆ ನೋಡಿದ್ದು, ಫೋನಿನಲ್ಲಿ ನೋಡಿದ್ದು, ಪ್ರಾಥಮಿಕ ಅಭಿಪ್ರಾಯ ಏನು. ಎಡ–ಬಲ ಬಂದಾಗ "ಸಾರ್, ರೋಗಿಯ ಎಡವೇ ತಾನೆ?" ಎಂದು ತಿರುಗಿ ಕೇಳಿ, ಸಿ.ಟಿ. ಚಿತ್ರದಲ್ಲಿ ರೋಗಿಯ ಬಲ ನೋಡುವವರ ಎಡಕ್ಕಿರುತ್ತದೆ. ವರ್ಕ್‌ಸ್ಟೇಷನ್ನಿನಲ್ಲಿ ನೋಡಿದ ಅಂತಿಮ ವರದಿ ಬೇರೆ ಹೇಳಿದರೆ ರೇಡಿಯಾಲಜಿಸ್ಟ್ ಕರೆ ಮಾಡಿಯೇ ತಿಳಿಸಬೇಕು. 2020ರ ಮಾರ್ಚ್ 25ರ ಟೆಲಿಮೆಡಿಸಿನ್ ಮಾರ್ಗಸೂಚಿಯ ಪ್ರಕಾರ, ಒಬ್ಬ ವೈದ್ಯರು ಇನ್ನೊಬ್ಬರ ಸಲಹೆ ಕೇಳಿದಾಗ ಚಿಕಿತ್ಸೆಯ ಹೊಣೆ ಕೇಳಿದವರದ್ದೇ. ರೋಗಿಯ ಸ್ಥಿತಿ ಒಂದು ಹೇಳುತ್ತಾ ಫೋನಿನ ಅಭಿಪ್ರಾಯ ಇನ್ನೊಂದು ಹೇಳಿದರೆ ರೋಗಿಯನ್ನು ನಂಬಿ.

ಹೆಸರಿನ ವಿಷಯ. ಕೊಡಗಿನಲ್ಲಿ ಮನೆಹೆಸರು ಹೇಳಿದರೆ ಸಾಕು, ಯಾರ ಮನೆಯವರು, ಯಾವ ನಾಡಿನವರು ಎಲ್ಲವೂ ಗೊತ್ತಾಗುತ್ತದೆ. ಮೆಸೇಜಿನಲ್ಲಿ ಹೆಸರು ಬೇಡ, ಆಸ್ಪತ್ರೆಯ ಸಂಖ್ಯೆ, ವಯಸ್ಸು, ಲಿಂಗ ಇರಲಿ. ಸಂಖ್ಯೆಯನ್ನೂ ತೆಗೆದರೆ ಇಬ್ಬರ ಸ್ಕ್ಯಾನ್ ಅದಲುಬದಲಾಗುತ್ತದೆ. ಡೈಕಾಮ್ ಕಡತದೊಳಗಿನ ಹೆಸರನ್ನು ತೆಗೆದುಹಾಕುವ ಸೌಲಭ್ಯ ವ್ಯೂವರುಗಳಲ್ಲಿ ಇರುತ್ತದೆ. ಆದರೆ ಅಲ್ಟ್ರಾಸೌಂಡ್ ಚಿತ್ರದಲ್ಲಿ ಹೆಸರು ಚಿತ್ರದ ಮೇಲೇ ಅಚ್ಚಾಗಿರುತ್ತದೆ, ಅದು ಹೀಗೆ ಹೋಗುವುದಿಲ್ಲ. ಫೋನಿನ ಗ್ಯಾಲರಿ ತಾನಾಗಿ ಕ್ಲೌಡಿಗೆ ಏರಿಸುವುದನ್ನು, ವಾಟ್ಸಾಪ್ ಚಿತ್ರಗಳು ಗ್ಯಾಲರಿಗೆ ಇಳಿಯುವುದನ್ನು ನಿಲ್ಲಿಸಿ. ಸಂಘದ ಗ್ರೂಪಿಗೆ, ಪರಿಚಯದ ಗ್ರೂಪಿಗೆ ಸ್ಕ್ಯಾನ್ ಹಾಕುವ ಅಭ್ಯಾಸ ಬಿಡಬೇಕು.

ಫೋನಿಗೆ ಸಿಕ್ಕಿಸುವ ಅಲ್ಟ್ರಾಸೌಂಡ್ ಪ್ರೋಬ್ ಬಗ್ಗೆ ಒಂದೇ ಮಾತು: ಭ್ರೂಣಲಿಂಗ ಪತ್ತೆ ತಡೆಯುವ 1994ರ ಪಿಸಿಪಿಎನ್‌ಡಿಟಿ ಕಾಯಿದೆ ಅದಕ್ಕೂ ಅನ್ವಯಿಸುತ್ತದೆ. ನೋಂದಣಿ ಇಲ್ಲದೆ ಕೊಳ್ಳುವಂತಿಲ್ಲ, ಬಳಸುವಂತಿಲ್ಲ.

ಮಳೆಗಾಲಕ್ಕೆ

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ, ಅದರಲ್ಲೂ ಕಕ್ಕಡದಲ್ಲಿ (ಜುಲೈ–ಆಗಸ್ಟ್ ನಡುವಿನ ಕೊಡವ ತಿಂಗಳು), ಈ ವ್ಯವಸ್ಥೆಯ ನಿಜವಾದ ಪರೀಕ್ಷೆ. ಮರ ಬಿದ್ದು ಫೈಬರ್ ತುಂಡಾಗುತ್ತದೆ. ಒದ್ದೆ ಎಲೆಗಳ ನಡುವೆ ಮೊಬೈಲ್ ಸಿಗ್ನಲ್ ಇನ್ನಷ್ಟು ಕುಗ್ಗುತ್ತದೆ, ಹೆಚ್ಚಿನ ಆವರ್ತನದ ಬ್ಯಾಂಡುಗಳಲ್ಲಿ ಇದು ಜಾಸ್ತಿ. ತೋಟದೊಳಗೆ ರೇಂಜ್ ಸಿಗುವುದು ಗುಡ್ಡದ ಒಂದು ಮೂಲೆಯಲ್ಲಿ ಮಾತ್ರ ಎಂಬುದು ಎಲ್ಲರಿಗೂ ಗೊತ್ತಿರುವ ವಿಷಯ; ಆಸ್ಪತ್ರೆಯಲ್ಲೂ ಅಂಥ ಮೂಲೆ ಯಾವುದೆಂದು ಮೊದಲೇ ಅಳೆದು ಹಾಟ್‌ಸ್ಪಾಟ್ ಅಲ್ಲೇ ಇಡಿ. ಎರಡು ಬೇರೆ ಕಂಪನಿಯ ಸಿಮ್ ಇರಲಿ, ಎರಡರಲ್ಲೂ ಅಪ್‌ಲೋಡ್ ವೇಗ ನೋಡಿ ಗೋಡೆಗೆ ಬರೆದು ಅಂಟಿಸಿ. ರೌಟರಿಗೂ ಫೈಬರ್ ಪೆಟ್ಟಿಗೆಗೂ 12 ವೋಲ್ಟಿನ ಸಣ್ಣ ಯುಪಿಎಸ್ ಸಾಕು, ಸರ್ವರಿಗೆ ಬೇರೆಯದು ಬೇಕು.

ಕರೆಂಟ್ ಹೋದರೆ ಟವರ್ ಕೆಲವು ತಾಸು ಬ್ಯಾಟರಿಯಲ್ಲೇ ಓಡುತ್ತದೆ. ಡೀಸೆಲ್ ತಲುಪದಿದ್ದರೆ ಅಲ್ಲಿಗೆ ಮುಗಿಯಿತು. ಆದ್ದರಿಂದ ಕರೆಂಟ್ ಹೋದ ಕೂಡಲೇ ಬಾಕಿ ಇರುವ ಸ್ಕ್ಯಾನುಗಳನ್ನು ಮೊದಲು ಕಳಿಸಿಬಿಡಿ, ಬರಲಿ ಎಂದು ಕಾಯಬೇಡಿ. ಫೋನಿನ ಚಾರ್ಜಿಂಗ್ ಬಾಯಲ್ಲಿ ತೇವ ಎಂಬ ಎಚ್ಚರಿಕೆ ಬಂದರೆ ಒತ್ತಾಯದಿಂದ ಕೇಬಲ್ ಚುಚ್ಚಬೇಡಿ. ಕೆಳಮುಖವಾಗಿ ತಟ್ಟಿ, ಗಾಳಿಗೆ ಇಟ್ಟು, ಅಷ್ಟರಲ್ಲಿ ಎರಡನೇ ಫೋನನ್ನು ಬಳಸಿ.

2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದು ಮಡಿಕೇರಿ–ಸಂಪಾಜೆ ರಸ್ತೆ ಮುಚ್ಚಿದಂಥ ದಿನಗಳಲ್ಲಿ ನೆಟ್‌ವರ್ಕೂ ಇಲ್ಲ, ಮಂಗಳೂರಿನ ದಾರಿಯೂ ಇಲ್ಲ. ಆಗ ಪೆನ್‌ಡ್ರೈವಿಗೆ ಡೈಕಾಮ್ ಫೋಲ್ಡರ್ ಹಾಕಿ ರೋಗಿಯ ಜೊತೆಗೆ ಕಳಿಸಿ, ಅದರ ಮೇಲೆ ಆಸ್ಪತ್ರೆಯ ಸಂಖ್ಯೆ ಬರೆಯಿರಿ. ಟೈಪ್‌–ಸಿ ಬಾಯಿಯ ಪೆನ್‌ಡ್ರೈವ್ ಆದರೆ ಆಂಬುಲೆನ್ಸಿನಲ್ಲಿ ಜೊತೆಗೆ ಹೋಗುವ ಡಾಕ್ಟರು ಕುಶಾಲನಗರ ದಾಟಿ ರೇಂಜ್ ಸಿಕ್ಕ ಕೂಡಲೇ ತಮ್ಮ ಫೋನಿಗೆ ಚುಚ್ಚಿ, 15 ಎಂಬಿಯ ಆ ಮೊದಲ ಸರಣಿಯನ್ನು ಮುಂದಿನ ಆಸ್ಪತ್ರೆಗೆ ಕಳಿಸಬಹುದು; ಥಿಯೇಟರ್ ಸಿದ್ಧ ಮಾಡಿಕೊಳ್ಳಲು ಅವರಿಗೆ ಒಂದೂವರೆ ತಾಸು ಸಿಗುತ್ತದೆ.